ತಂಬಾಕಿನ ಹಣವೂ ಬಸದಿಯ ಭಂಡಾರವೂ

ಜೈನರು ನಿರ್ವ್ಯಸನಿಗಳು ಎಂಬುದು ನಾವು ನಮ್ಮ ವಿಷಯದಲ್ಲಿ ಹೇಳಿಕೊಳ್ಳುವ ಮಾತಷ್ಟೇ ಅಲ್ಲ. ಊರಿನ ಇತರ ಸಮಾಜದವರೂ ಆದರದಿಂದ ಆಡುವ ಮಾತು. ಬಾಡಿಗೆಗೆ ಮನೆ ಕೇಳುವಾಗ, ಪೇಟೆಯಲ್ಲಿ ಉದ್ದರಿ ಮಾಲು ಎತ್ತುವಾಗ, ಮಕ್ಕಳನ್ನು ಪರಸ್ಥಳದ ವಸತಿಗೃಹಕ್ಕೆ ಸೇರಿಸುವಾಗ ಈ ಮಾತಿನ ಬೆಲೆ ನಮಗೆ ಸಂದಿದೆ. ಈ ಕೀರ್ತಿಯನ್ನು ಗಳಿಸಿದವರು ನಮ್ಮ ಹಿರಿಯರು. ನಾವು ಅದರ ಬಡ್ಡಿಯಲ್ಲಿ ಬಾಳುತ್ತಿದ್ದೇವೆ. ಅಸಲು ಎಷ್ಟು ಉಳಿದಿದೆ ಎಂದು ಖಾತೆ ತೆಗೆದು ನೋಡಿದವರು ವಿರಳ.

ನಾನು ಬಿ.ಕಾಂ. ಮುಗಿಸಿ ತಂದೆಯವರ ಕಿರಾಣಿ ಅಂಗಡಿಯಲ್ಲಿ ಕುಳಿತವನು. ನಲವತ್ತು ವರ್ಷ ಸಗಟು ವ್ಯಾಪಾರ ಮಾಡಿದ್ದೇನೆ. ಶಾಸ್ತ್ರದಲ್ಲಿ ಪಂಡಿತನಲ್ಲ, ನಿತ್ಯ ಸ್ವಾಧ್ಯಾಯದ ಅಭ್ಯಾಸವುಳ್ಳ ಶ್ರಾವಕ ಮಾತ್ರ. ಈ ಬರಹದಲ್ಲಿ ತಪ್ಪು ಕಂಡರೆ ತಿಳಿದವರು ಗ್ರಂಥ ತೋರಿಸಿ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ. ಕೋಪ ಮಾಡಿಕೊಂಡು ತಿದ್ದಿದರೆ ಒಪ್ಪುವುದು ಕಷ್ಟ.

ಕಳೆದ ವರ್ಷ ನಮ್ಮ ಬಸದಿಯ ಭಾನುವಾರದ ಪಾಠಶಾಲೆಯಲ್ಲಿ ಹತ್ತು ವರ್ಷದ ಬಾಲಕನೊಬ್ಬ ಸಪ್ತವ್ಯಸನಗಳನ್ನು ತಪ್ಪಿಲ್ಲದೆ ಒಪ್ಪಿಸಿದ: ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಗಮನ. ಒಪ್ಪಿಸಿದ ಮೇಲೆ ಕೇಳಿದ, “ಅಜ್ಜಾರ, ಇದರಾಗ ಗುಟ್ಕಾ ಯಾಕಿಲ್ಲ?” ಪಾಠ ಹೇಳುತ್ತಿದ್ದ ಹಿರಿಯರು ತಡವರಿಸದೆ, “ಅದು ವ್ಯಸನ ಅಲ್ಲಪ್ಪಾ, ಬರೀ ಚಟ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ನನ್ನನ್ನು ಕಾಡಿತು. ವ್ಯಸನಕ್ಕೂ ಚಟಕ್ಕೂ ಇರುವ ಭೇದ ಒಂದು ಸಂಸ್ಕೃತದ ಶಬ್ದ, ಇನ್ನೊಂದು ಕನ್ನಡದ ಶಬ್ದ ಎಂಬುದಲ್ಲದೆ ಬೇರೇನು? ಹುಡುಗನಿಗೆ ನಾವು ಕೊಟ್ಟದ್ದು ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ.

ನಿಜವಾದ ಉತ್ತರ ಸರಳವಾಗಿದೆ. ಆಚಾರ್ಯರು ಸಪ್ತವ್ಯಸನಗಳನ್ನು ಹೇಳಿದ ಕಾಲದಲ್ಲಿ ತಂಬಾಕಿನ ಗಿಡವೇ ಈ ದೇಶದಲ್ಲಿರಲಿಲ್ಲ. ಅದು ಅಮೇರಿಕಾ ಖಂಡದ ಸಸ್ಯ. ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿತು. ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಅಕ್ಬರ್ ಬಾದಶಹನ ಕಡೆಯಿಂದ ವಿಜಯಪುರದ ಆದಿಲಶಾಹಿ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತ ತಂಬಾಕನ್ನು ಮೊದಲು ಕಂಡದ್ದು ವಿಜಯಪುರದಲ್ಲಿ. 1604-05ರ ಸುಮಾರಿಗೆ ಅವನು ಅದನ್ನು ಚಿಲುಮೆಸಹಿತ ಕೊಂಡೊಯ್ದು ಬಾದಶಹನ ಮುಂದಿಟ್ಟನು. ಆಸ್ಥಾನದ ವೈದ್ಯ ಆಗಲೇ ಆಕ್ಷೇಪಿಸಿದನಂತೆ. ಮುಂದೆ 1617ರಲ್ಲಿ ಜಹಾಂಗೀರ್ ತಂಬಾಕು ಸೇದುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದನು. ಸ್ವತಃ ಮದ್ಯಪಾನಿಯಾಗಿದ್ದ ದೊರೆಗೂ ಇದು ಕೇಡೆಂದು ಹನ್ನೆರಡು ವರ್ಷಗಳಲ್ಲಿ ತಿಳಿದಿತ್ತು. ನಮಗೆ ನಾಲ್ಕುನೂರು ವರ್ಷಗಳಾದರೂ ಸಾಲದೆ ಹೋಗಿದೆ.

ಸಮಂತಭದ್ರಾಚಾರ್ಯರಾಗಲಿ, ಅಮೃತಚಂದ್ರಸೂರಿಗಳಾಗಲಿ, ಹದಿಮೂರನೆಯ ಶತಮಾನದ ಪಂಡಿತ ಆಶಾಧರರಾಗಲಿ ಹೆಸರಿಸದಿರುವುದು ತಾವು ಕಾಣದ ವಸ್ತುವನ್ನು. ಹೆಸರು ಹೇಳಲಿಲ್ಲವೆಂದ ಮಾತ್ರಕ್ಕೆ ಅನುಮತಿ ಕೊಟ್ಟರೆಂದು ಅರ್ಥವೇ? ರತ್ನಕರಂಡಕ ಶ್ರಾವಕಾಚಾರದ ಭೋಗೋಪಭೋಗ ಪರಿಮಾಣವ್ರತದ ಪ್ರಕರಣವನ್ನು ಯಾರಾದರೂ ತೆರೆದು ನೋಡಲಿ. ಜೀವಹಿಂಸೆ ಉಂಟಾಗುವ ಪದಾರ್ಥಗಳನ್ನು ಹೇಳಿದ ಬಳಿಕ ಆಚಾರ್ಯರು ಅಲ್ಲಿಗೇ ನಿಲ್ಲುವುದಿಲ್ಲ. ಸೇವಿಸುವವನ ದೇಹಕ್ಕೆ ಕೇಡು ಮಾಡುವ ‘ಅನಿಷ್ಟ’ವನ್ನೂ, ಸತ್ಪುರುಷರು ಸೇವಿಸಲು ಯೋಗ್ಯವಲ್ಲದ ‘ಅನುಪಸೇವ್ಯ’ವನ್ನೂ ಬಿಡಬೇಕೆಂದು ಬೇರೆಯಾಗಿ ವಿಧಿಸುತ್ತಾರೆ. ಅನುಪಸೇವ್ಯಕ್ಕೆ ಉದಾಹರಣೆ ಕೊಡುವಾಗ ಟೀಕಾಕಾರ ಪ್ರಭಾಚಂದ್ರರು ತಾಂಬೂಲದ ಉಗುಳನ್ನೂ ಎಣಿಸಿದ್ದಾರೆ. ನಮ್ಮ ಬಸ್ ನಿಲ್ದಾಣಗಳ ಮೂಲೆಗಳನ್ನೂ ಕಚೇರಿಗಳ ಮೆಟ್ಟಿಲುಗಳನ್ನೂ ನೋಡಿದವರಿಗೆ ಈ ಶಬ್ದದ ಅರ್ಥ ವಿವರಿಸಬೇಕಾಗಿಲ್ಲ.

ಇನ್ನು ವ್ಯಾಪಾರದ ಮಾತು. ಶ್ರಾವಕನು ಮಾಡಬಾರದ ಹದಿನೈದು ಕ್ರೂರ ಉದ್ಯೋಗಗಳ ಪಟ್ಟಿಯಲ್ಲಿ ವಿಷವಾಣಿಜ್ಯವೂ ಮದ್ಯಾದಿಗಳನ್ನು ಮಾರುವ ರಸವಾಣಿಜ್ಯವೂ ಇರುವುದು ಸ್ವಾಧ್ಯಾಯ ಮಾಡುವವರಿಗೆಲ್ಲ ತಿಳಿದದ್ದು. “ತಂಬಾಕು ಆ ಪಟ್ಟಿಯಲ್ಲೂ ಇಲ್ಲವಲ್ಲ” ಎಂದು ನನ್ನೊಡನೆ ವಾದಿಸಿದವರಿದ್ದಾರೆ. ಅವರಿಗೆ ಆಶಾಧರರೇ ಉತ್ತರ ಕೊಟ್ಟು ಹೋಗಿದ್ದಾರೆ. ಸಾಗಾರಧರ್ಮಾಮೃತದಲ್ಲಿ ಈ ಹದಿನೈದನ್ನು ಎಣಿಸಿದ ಮೇಲೆ ಅವರು, ಹೀಗೆ ಎಣಿಸುವುದೇ ಸೊಗಸಲ್ಲ, ಲೋಕದಲ್ಲಿ ಪಾಪದ ಉದ್ಯೋಗಗಳು ಎಣಿಕೆಗೆ ಸಿಕ್ಕುವಂಥವಲ್ಲ ಎಂಬ ಅಭಿಪ್ರಾಯವನ್ನು ಕೊಡುತ್ತಾರೆ. ಅತಿ ಮಂದಬುದ್ಧಿಯವರಿಗೆ ಬೇಕಾದರೆ ಪಟ್ಟಿ ಹೇಳಬಹುದು ಎಂದೂ ಸೇರಿಸುತ್ತಾರೆ. ಪಟ್ಟಿಯಲ್ಲಿ ಹೆಸರು ಹುಡುಕುವ ನಮ್ಮನ್ನು ಆ ಪಂಡಿತರು ಏಳುನೂರು ವರ್ಷಗಳ ಹಿಂದೆಯೇ ಯಾವ ಪಂಕ್ತಿಯಲ್ಲಿ ಕೂರಿಸಿದರೆಂಬುದನ್ನು ಓದುಗರೇ ಊಹಿಸಲಿ.

ಮದ್ಯವನ್ನು ನಿಷೇಧಿಸಿದ್ದೇಕೆ ಎಂಬುದನ್ನು ಪುರುಷಾರ್ಥಸಿದ್ಧ್ಯುಪಾಯ ಹೇಳುತ್ತದೆ. ಕಳಿತ ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳ ಘಾತ ಒಂದು ಕಾರಣ. ಮದ್ಯ ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಂಜದೆ ಹಿಂಸೆ ಮಾಡುತ್ತಾನೆ ಎಂಬುದು ಇನ್ನೊಂದು. ತಂಬಾಕಿನಲ್ಲಿ ಅಮಲು ಕಡಿಮೆ, ಬುದ್ಧಿ ಕೆಡುವುದಿಲ್ಲ ಎಂದು ಹೇಳುವವರು ಪರವಶತೆಯನ್ನು ಕಾಣುವುದಿಲ್ಲ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಸುಖದ ಅನುಭವ ಕೊಡುವ ಡೋಪಮೈನ್ ಎಂಬ ದ್ರವ್ಯ ಅಲ್ಲಿ ಸ್ರವಿಸುತ್ತದೆ. ಕೆಲಕಾಲದ ಬಳಿಕ ಅದು ಇಳಿಯುತ್ತದೆ, ಮತ್ತೆ ಬೇಕೆನಿಸುತ್ತದೆ. ತಿಂಗಳುಗಳು ಕಳೆದಂತೆ ಮಿದುಳೇ ಅದಕ್ಕೆ ಹೊಂದಿಕೊಂಡು ಬದಲಾಗುತ್ತದೆ. ಆಮೇಲೆ ಮನುಷ್ಯ ಸೇದುವುದು ಸುಖಕ್ಕಲ್ಲ, ಸೇದದಿದ್ದರೆ ಆಗುವ ಚಡಪಡಿಕೆ, ಸಿಡುಕು, ನಿದ್ರಾಭಂಗಗಳನ್ನು ತಪ್ಪಿಸಿಕೊಳ್ಳುವುದಕ್ಕೆ. ಏಕಾಶನ ಮಾಡುವ ದಿನ ಹಸಿವನ್ನು ಗೆದ್ದವರು ಅದೇ ದಿನ ಬಸದಿಯ ಹಿಂದೆ ಹೋಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಇದಕ್ಕಿಂತ ದೊಡ್ಡ ಮೋಹದ ಉದಾಹರಣೆ ಬೇಕೆ? 1949ರಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿದ ಆಚಾರ್ಯ ತುಲಸಿಯವರ ಅಣುವ್ರತ ನಿಯಮಗಳಲ್ಲಿ ಮದ್ಯ ಮಾದಕಗಳ ಜೊತೆಗೆ ತಂಬಾಕೂ ಸೇರಿದೆ. ಅವರು ತೇರಾಪಂಥದವರು, ನಮಗೇಕೆ ಎನ್ನುವವರಿದ್ದಾರೆ. ಬಾಯಿಯ ಕ್ಯಾನ್ಸರು ಆಮ್ನಾಯ ಕೇಳಿ ಬರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದಕ್ಕೆ ನಮ್ಮ ಸಮಾಜದ ಬಹುಮಂದಿ ತಲೆದೂಗುತ್ತಾರೆ. ಏಕೆಂದರೆ ಬಹುಮಂದಿ ತಂಬಾಕು ಮುಟ್ಟುವವರಲ್ಲ. ನಾನೂ ಮುಟ್ಟಿದವನಲ್ಲ. ನನ್ನ ಆಕ್ಷೇಪ ಇರುವುದು ಇಲ್ಲಿಂದ ಮುಂದೆ. ಪಾಪವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ; ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ನಾವು ಲೆಕ್ಕ ಇಟ್ಟಿರುವುದು ಮೊದಲನೆಯದಕ್ಕೆ ಮಾತ್ರ. ನಾಲಿಗೆಗೆ ವ್ರತ ಹಾಕಿದ್ದೇವೆ, ಅಂಗಡಿಗೆ ಹಾಕಿಲ್ಲ, ಬಸದಿಯ ಭಂಡಾರಕ್ಕಂತೂ ಹಾಕಿಯೇ ಇಲ್ಲ.

ನನ್ನ ಸ್ವಂತ ಖಾತೆಯನ್ನೇ ಮೊದಲು ಬಿಚ್ಚಿಡುತ್ತೇನೆ. ನಾನು ಗಲ್ಲೆಯ ಮೇಲೆ ಕುಳಿತದ್ದು 1983ರಲ್ಲಿ. ತಂದೆಯವರ ಕಾಲದಲ್ಲಿ ಬೀಡಿ ಕಟ್ಟುಗಳೂ ಎಲೆ ತಂಬಾಕೂ ಹಿಂದಿನ ಕೋಣೆಯಲ್ಲಿರುತ್ತಿದ್ದವು. ನನ್ನ ಕಾಲದಲ್ಲಿ ಗುಟ್ಕಾ ಚೀಟಿಗಳ ಸರ ಅಂಗಡಿಯ ಮುಂಭಾಗಕ್ಕೇ ತೋರಣವಾಗಿ ಬಂದಿತು. ವ್ಯಾಪಾರಸ್ಥರಿಗೆ ಅದರ ಆಕರ್ಷಣೆ ಗೊತ್ತು: ನಗದು ಮಾಲು, ತೂಕದ ಜಗಳವಿಲ್ಲ, ಮಳೆಗಾಲದಲ್ಲೂ ಹುಳ ಹಿಡಿಯುವುದಿಲ್ಲ. ಹುಳವೂ ಮುಟ್ಟದ ವಸ್ತುವನ್ನು ಮನುಷ್ಯರಿಗೆ ಮಾರುತ್ತಿದ್ದೇನೆಂಬ ವಿಚಾರ ಆಗ ಹೊಳೆಯಲಿಲ್ಲ. ನಮ್ಮಲ್ಲಿ ಮೂಟೆ ಹೊರುತ್ತಿದ್ದ ಹಮಾಲನೊಬ್ಬನಿಗೆ ದಿನದ ಕೂಲಿಯ ಮೇಲೆ ನಾಲ್ಕು ಚೀಟಿ ಪುಕ್ಕಟೆ ಕೊಡುವುದು ರೂಢಿಯಾಗಿತ್ತು. ಕೊಡುತ್ತಿದ್ದವನು ನಾನೇ; ಅದನ್ನು ಔದಾರ್ಯವೆಂದೇ ಭಾವಿಸಿದ್ದೆ. ಹನ್ನೆರಡು ವರ್ಷಗಳಾದ ಮೇಲೆ ಅವನ ಬಾಯಿ ತೆರೆಯುವುದು ಕಡಿಮೆಯಾಯಿತು. ಅಡಿಕೆ ತಂಬಾಕು ಸದಾ ಅಗಿಯುವವರ ಬಾಯಿಯ ಒಳಪೊರೆ ನಾರುಗಟ್ಟಿ ಬಿಗಿಯುವ ರೋಗವದು. ರೊಟ್ಟಿಯ ತುತ್ತು ಹಿಡಿಸದೆ ಗಂಜಿ ಕುಡಿಯತೊಡಗಿದ. ಖಾರ ಮುಟ್ಟಿದರೆ ಕಣ್ಣಲ್ಲಿ ನೀರು. ಮುಂದೆ ಹುಣ್ಣಾಗಿ, ಕ್ಯಾನ್ಸರೆಂದು ತಿಳಿದು, ಗಲ್ಲದ ಅರ್ಧ ಭಾಗ ತೆಗೆದರೂ ಉಳಿಯಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ.

ಅವನ ಸಾವಿನ ಮರುದಿನ ನಾನು ಮಾರಾಟ ನಿಲ್ಲಿಸಿದೆನೆಂದು ಬರೆದರೆ ಓದುಗರಿಗೆ ಸಂತೋಷವಾಗಬಹುದು, ಅದು ಸುಳ್ಳು. ಏಳು ವರ್ಷ ಮಾರಿದೆ. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿದಾಗ ದಂಡದ ಭಯದಿಂದ ನಿಲ್ಲಿಸಿದೆ. ನಿಷೇಧದ ಬೆನ್ನಲ್ಲೇ ಕಂಪನಿಯವರು ಉಪಾಯ ಕಂಡರು: ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಬೆರೆಸಿಕೊಳ್ಳುವ ಕೆಲಸ ಗಿರಾಕಿಯದು. ಆ ಜೋಡಿ ಚೀಟಿಗಳ ಏಜೆಂಟ್ ಬಂದು ಕುಳಿತ ದಿನ ನಾನು ಮೊದಲ ಬಾರಿಗೆ ಬೇಡವೆಂದೆ. ವ್ರತವೆಂದು ಹೇಳಿಕೊಳ್ಳಬಹುದಾದದ್ದು ಅದೊಂದೇ, ಅದೂ ತಡವಾಗಿ.

ಈಗ ಆಕ್ಷೇಪಗಳನ್ನು ನೋಡೋಣ. ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಅನಿವಾರ್ಯವಲ್ಲವೇ ಎಂದು ಕೇಳುತ್ತಾರೆ. ಅನಿವಾರ್ಯವೇ. ಆದರೆ ಒಕ್ಕಲುತನದಲ್ಲಿ ನೇಗಿಲಿಗೆ ಸಿಕ್ಕಿ ಹುಳ ಸತ್ತರೆ ರೈತನಿಗೆ ಅದರಿಂದ ಲಾಭವಿಲ್ಲ; ಸಾಯದಿದ್ದರೆ ಅವನಿಗೆ ನಷ್ಟವೂ ಇಲ್ಲ. ತಂಬಾಕಿನ ವ್ಯಾಪಾರದಲ್ಲಿ ಗಿರಾಕಿಯ ಪರವಶತೆಯೇ ಲಾಭದ ಮೂಲ. ಅವನು ಬಿಡಿಸಿಕೊಂಡರೆ ವ್ಯಾಪಾರ ಮುಗಿಯಿತು. ಬಿಡದೆ ಮುಂದುವರಿಸುವವರಲ್ಲಿ ಅರ್ಧದಷ್ಟು ಮಂದಿಯನ್ನು ತಂಬಾಕು ಕೊಲ್ಲಬಲ್ಲದು, ಭಾರತದಲ್ಲಿ ವರ್ಷಕ್ಕೆ ಸುಮಾರು 13 ಲಕ್ಷ ಜನ ಅದರಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇದನ್ನು ಉದ್ಯೋಗಿ ಹಿಂಸೆಯ ಖಾತೆಗೆ ಬರೆಯುವುದು ಖೋಟಾ ಜಮಾಖರ್ಚು.

ಸರ್ಕಾರವೇ ತೆರಿಗೆ ಪಡೆದು ಮಾರಲು ಬಿಟ್ಟಿದೆಯಲ್ಲ ಎಂಬುದು ಮತ್ತೊಂದು ಮಾತು. ಅಕ್ಕಿ ಬೇಳೆ ಮಾರಲು ಗಿರಾಕಿಯ ವಯಸ್ಸು ಕೇಳಬೇಕಾಗಿಲ್ಲ. ತಂಬಾಕು ಮಾರಲು ಕೇಳಬೇಕು. ನಮ್ಮ ರಾಜ್ಯದಲ್ಲಿ 2025ರಿಂದ ಆ ವಯಸ್ಸು 21. ತೆರಿಗೆಯ ಲಾಭವಾದರೂ ಎಷ್ಟು? 2017-18ರಲ್ಲಿ ತಂಬಾಕಿನ ರೋಗಗಳಿಂದಲೂ ಅಕಾಲ ಮರಣಗಳಿಂದಲೂ ದೇಶಕ್ಕಾದ ಆರ್ಥಿಕ ನಷ್ಟ 1,77,341 ಕೋಟಿ ರೂಪಾಯಿ ಎಂದು ಅಧ್ಯಯನ ಹೇಳಿತು. ತಂಬಾಕಿನ ಅಬಕಾರಿ ಸುಂಕದಿಂದ ಬಂದದ್ದು ಅದರ ಎಂಟನೆಯ ಒಂದು ಭಾಗದಷ್ಟು. ಇಂಥ ತಾಳೆಪಟ್ಟಿಯ ಅಂಗಡಿಯನ್ನು ಯಾವ ವ್ಯಾಪಾರಿಯೂ ನಡೆಸಲಾರ.

ಬೆಳೆಗಾರರ ಪ್ರಶ್ನೆ ಮಾತ್ರ ಕಠಿಣ, ಅದನ್ನು ಒಪ್ಪುತ್ತೇನೆ. ನಿಪ್ಪಾಣಿ ಸೀಮೆಯ ಬೀಡಿ ತಂಬಾಕಿನ ಹೊಲಗಳಲ್ಲಿ ನಮ್ಮ ಸಮಾಜದ ಒಕ್ಕಲು ಮನೆತನಗಳೂ ಇವೆ. 1981ರಲ್ಲಿ ಬೆಲೆಗಾಗಿ ಅಲ್ಲಿನ ರೈತರು ಹೂಡಿದ ಹೋರಾಟ ಗೋಲೀಬಾರಿನಲ್ಲಿ ಮುಗಿದು ಜೀವಗಳು ಹೋದದ್ದನ್ನು ನನ್ನ ವಯಸ್ಸಿನವರು ಮರೆತಿಲ್ಲ. ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿದು ಕೆಮ್ಮುತ್ತ ದುಡಿದ ಹೆಣ್ಣುಮಕ್ಕಳ ಕಥೆ ಬೇರೆಯೇ ಇದೆ. ಮಲೆನಾಡು, ಕರಾವಳಿಯ ಅಡಿಕೆಯ ಬಂಧುಗಳು ಈಗಲೇ ನನ್ನ ಮೇಲೆ ಮುನಿಯಬಹುದು. ಆದರೂ ಹೇಳಬೇಕು, ತಂಬಾಕು ಸೇರದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಮೂರು ಎಕರೆಯ ರೈತನಿಗೆ ನಾಳೆಯೇ ಬೆಳೆ ಕಿತ್ತುಹಾಕೆಂದು ಹೇಳುವ ಅಧಿಕಾರ ನನಗಿಲ್ಲ. ಗೋದಾಮು, ಬಂಡವಾಳ, ಪೇಟೆಯಲ್ಲಿ ಪತ್ತು ಎಲ್ಲವೂ ಇದ್ದು ನಾಳೆಯೇ ಬೇರೆ ಮಾಲು ಹಿಡಿಯಬಲ್ಲ ನಮ್ಮಂಥ ವ್ಯಾಪಾರಿಗಳು ಆ ರೈತನ ಹೆಗಲ ಹಿಂದೆ ಅಡಗಿಕೊಳ್ಳಬಾರದು.

ಮದ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದನ್ನು ಸಮರ್ಥಿಸುವವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಮುಚ್ಚಿಡುವವರು ಮಾತ್ರ ಹೆಚ್ಚಿದ್ದಾರೆ. ಮದುವೆಯ ಹಿಂದಿನ ರಾತ್ರಿ ವರನ ಗೆಳೆಯರಿಗೆಂದು ಪರಸ್ಥಳದ ಹೋಟೆಲಿನಲ್ಲಿ ಕೋಣೆ ಹಿಡಿಯುವುದು ಏಕೆಂದು ಎಲ್ಲರಿಗೂ ಗೊತ್ತು. ಗಾಂಜಾ, ಮಾತ್ರೆಗಳ ಪ್ರಸಂಗಗಳೂ ಮಹಾನಗರಗಳಿಗೆ ಓದಲು ಹೋದ ಮಕ್ಕಳಿಂದ ಕೇಳಿಬರುತ್ತಿವೆ. ಮನೆಯವರು ಮೊದಲು ಯೋಚಿಸುವುದು ಮಗನ ಚಿಕಿತ್ಸೆಯನ್ನಲ್ಲ, ಮಗಳ ಸಂಬಂಧ ತಪ್ಪೀತೆಂಬುದನ್ನು. ಮುಚ್ಚಿಡುವುದಕ್ಕೆ ಉಪಗೂಹನ ಅಂಗವೆಂಬ ಶಾಸ್ತ್ರದ ಹೊದಿಕೆಯೂ ಸಿದ್ಧವಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ನಂತರವೇ ಬರುವುದು ಸ್ಥಿತಿಕರಣ, ಜಾರಿದವನನ್ನು ಮತ್ತೆ ನಿಲ್ಲಿಸುವುದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಜಾರಿದವನ ಮೇಲೆ ಮಣ್ಣು ಮುಚ್ಚಿದಂತೆಯೇ. ಪೊಲೀಸರ ಭಯ ಇದ್ದವರು ತಿಳಿಯಬೇಕು: 1985ರ ಮಾದಕದ್ರವ್ಯ ಕಾಯ್ದೆಯ 64-ಎ ಕಲಮಿನಂತೆ, ಸೇವನೆಗೆಂದು ಅಲ್ಪ ಪ್ರಮಾಣ ಇಟ್ಟುಕೊಂಡು ಸಿಕ್ಕಿಬಿದ್ದ ವ್ಯಸನಿ ತಾನಾಗಿ ಅಂಗೀಕೃತ ಸಂಸ್ಥೆಯ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ತಂಬಾಕು ಬಿಡಲಿಚ್ಛಿಸುವವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ಇದೆ. ಬಿಟ್ಟ ಮೊದಲ ಮೂರು ನಾಲ್ಕು ದಿನ ಕಾಟ ಹೆಚ್ಚು, ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಒಮ್ಮೆ ಸೋತವನು ಮತ್ತೆ ಯತ್ನಿಸಿದರೆ ಗೆಲ್ಲಬಹುದು. ಧರ್ಮಸ್ಥಳದಿಂದ 1990ರ ದಶಕದಿಂದಲೂ ಊರೂರುಗಳಲ್ಲಿ ನಡೆದುಬಂದ ಮದ್ಯವರ್ಜನ ಶಿಬಿರಗಳು ಪರಸಮಾಜದವರನ್ನೇ ಹೆಚ್ಚಾಗಿ ಎತ್ತಿ ನಿಲ್ಲಿಸಿವೆ. ನಮ್ಮವರು ಅಲ್ಲಿಗೆ ಹೋಗಲು ನಾಚುತ್ತಾರೆ.

ಕೊನೆಯದಾಗಿ ಬಸದಿಯ ವಿಷಯ. ನಮ್ಮ ಟ್ರಸ್ಟಿನಲ್ಲಿ ನಾನು ಹನ್ನೊಂದು ವರ್ಷ ಖಜಾಂಚಿಯಾಗಿದ್ದೆ. ಪಂಚಕಲ್ಯಾಣದ ಸವಾಲುಗಳಲ್ಲಿ ಪ್ರಥಮ ಕಲಶ ಯಾರ ಪಾಲಾಯಿತು, ಆ ಹಣ ಯಾವ ಮಾಲಿನಿಂದ ಬಂದಿತು ಎಂಬುದನ್ನು ತಿಳಿದೂ ಪಾವತಿ ಬರೆದಿದ್ದೇನೆ. ಹಾರ ಹಾಕುವಾಗ ಚಪ್ಪಾಳೆಯನ್ನೂ ತಟ್ಟಿದ್ದೇನೆ. ಅನುಮೋದನೆ ಎಂದರೆ ಅದೇ. ದಾನಕ್ಕೆ ಬಂದ ಮೇಲೆ ಹಣ ಪವಿತ್ರವಾಗುತ್ತದೆ ಎಂಬ ಮಾತು ಎಲ್ಲಿಂದ ಬಂದಿತೋ ನಾನರಿಯೆ. ಆಶಾಧರರು ಗೃಹಸ್ಥನ ಗುಣಗಳನ್ನು ಹೇಳುವಾಗ ಎಲ್ಲಕ್ಕಿಂತ ಮೊದಲು ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನು. ಪೂಜೆ ದಾನಗಳೆಲ್ಲ ಅದರ ನಂತರ. ದಾನಿಯ ಹಣ ಯಾವುದೆಂದು ಹೇಗೆ ತಿಳಿಯುವುದು ಎಂದು ಸಭೆಯಲ್ಲಿ ಕೇಳಿದರು. ನೂರು ಮನೆಗಳ ಸಮಾಜದಲ್ಲಿ ಯಾರ ಗೋದಾಮಿನಲ್ಲಿ ಏನಿದೆ ಎಂಬುದು ಯಾರಿಗೆ ತಿಳಿಯದು?

ಕಳೆದ ಮಹಾಸಭೆಯಲ್ಲಿ ನಾನು ಒಂದು ಠರಾವು ಮಂಡಿಸಿದೆ. ತಂಬಾಕು, ಗುಟ್ಕಾ, ಮದ್ಯದ ವ್ಯಾಪಾರ ನಡೆಸುತ್ತಿರುವವರಿಂದ ಬಸದಿಯ ಟ್ರಸ್ಟು ದೇಣಿಗೆ ಪಡೆಯಬಾರದು, ಅಂಥವರ ಹೆಸರಿನ ಫಲಕ ಹಾಕಬಾರದು, ವ್ಯಾಪಾರ ಬಿಟ್ಟು ಬಂದವರನ್ನು ಮಾತ್ರ ಗೌರವದಿಂದ ಸ್ವಾಗತಿಸಬೇಕು ಎಂಬುದು ಅದರ ಸಾರಾಂಶ. ಸಭಾಮಂಟಪದ ಛಾವಣಿ ಅರ್ಧಕ್ಕೆ ನಿಂತಿದೆ, ಅದನ್ನು ಪೂರ್ತಿ ಮಾಡಿಸಿಕೊಡುವುದಾಗಿ ಮಾತು ಕೊಟ್ಟವರು ಆ ವ್ಯಾಪಾರದವರೇ. ಇಬ್ಬರು ಕೈ ಎತ್ತಿದರು. ಉಳಿದವರು ನೆಲ ನೋಡಿದರು. ಅಧ್ಯಕ್ಷರು ಮುಂದಿನ ಸಭೆಗೆ ಇಡೋಣವೆಂದರು.

ಬಸದಿಯ ಬಲಗಡೆಯ ಮೆಟ್ಟಿಲಿನ ಕಲ್ಲಿನಲ್ಲಿ ನನ್ನ ತಂದೆಯವರ ಹೆಸರಿದೆ. 1996ರಲ್ಲಿ ಅವರ ಸ್ಮರಣಾರ್ಥ ನಾನೇ ಹಾಕಿಸಿದ್ದು. ಆ ವರ್ಷದ ಖಾತೆ ಪುಸ್ತಕ ಈಗಲೂ ನನ್ನಲ್ಲಿದೆ. ನಗದು ವಿಕ್ರಿಯ ಮೂರನೆಯ ಒಂದು ಭಾಗ ಗುಟ್ಕಾದ್ದು. ಆ ಕಲ್ಲನ್ನು ತೆಗೆಸಿ ಹೆಸರಿಲ್ಲದ ಕಲ್ಲು ಹಾಕಿಸಲು ಅನುಮತಿ ಕೋರಿ, ಖರ್ಚು ನನ್ನದೇ ಎಂದು ಬರೆದು ಟ್ರಸ್ಟಿಗೆ ಅರ್ಜಿ ಕೊಟ್ಟಿದ್ದೇನೆ. ಅದನ್ನೂ ಮುಂದಿನ ಸಭೆಗೇ ಇಟ್ಟಿದ್ದಾರೆ.